ಗಂಟು ಬಿಚ್ಚಿರಲಿಲ್ಲ

ಸಾಂತಾಕ್ರೂಜ್ ವಿಮಾನ ನಿಲ್ದಾಣದಲ್ಲಿ ಸಾಮಾನು ಏರಿಸುವ ಕೂಲಿಗಳು ಕ್ಯಾಪ್ಟನ್ ಸದಾನಂದನಿಗೆ ‘ಶಕ್ಕಿ ಸಾಹೇಬ’ ಎಂದು ಹೆಸರಿಟ್ಟದ್ದು ೧೯೫೬ರ ಮಳೆಗಾಲದಲ್ಲಿ. ಅದಕ್ಕೆ ಮೊದಲು ಅವನನ್ನು ಸಂಶಯದ ಮನುಷ್ಯ ಅಂದವರು ಯಾರೂ ಇರಲಿಲ್ಲ. ಹೋಟೆಲಿನಲ್ಲಿ ಚಹಾ ಕುಡಿದು ಚಿಲ್ಲರೆಯನ್ನು ನೋಡದೆ ಜೇಬಿಗೆ ಹಾಕುವವನು, ಮನೆಯ ಬಾಗಿಲಿಗೆ ಬೀಗ ಹಾಕಲು ಮರೆತು ಹೋಗುವವನು ಎಂದೇ ಅವನು ಎಲ್ಲರಿಗೂ ಗೊತ್ತಿದ್ದ.

ಅವನು ಉಡುಪಿ ಹತ್ತಿರದ ಕಾಪುವಿನ ಕಡೆಯವನು. ಚಿಕ್ಕಂದಿನಲ್ಲೇ ಮುಂಬಯಿಗೆ ಬಂದು ಫೋರ್ಟ್ ಬಡಾವಣೆಯಲ್ಲಿದ್ದ ಸೋದರಮಾವನ ಹೋಟೆಲಿನ ಗಲ್ಲಾದಲ್ಲಿ ಕೂತವನು. ರಜೆ ಸಿಕ್ಕಾಗಲೆಲ್ಲ ಜುಹುವಿಗೆ ಹೋಗಿ ಬೇಲಿಯಾಚೆ ಇಳಿಯುವ ಸಣ್ಣ ವಿಮಾನಗಳನ್ನು ನೋಡುತ್ತ ನಿಲ್ಲುತ್ತಿದ್ದ. ಹಾಗೆ ನಿಂತು ನಿಂತು, ಮಾವನನ್ನು ಕಾಡಿ ಬೇಡಿ, ಕೊನೆಗೆ ಫ್ಲೈಯಿಂಗ್ ಕ್ಲಬ್ಬಿಗೆ ಸೇರಿಯೇಬಿಟ್ಟ. ಅಲ್ಲಿ ಅವನಿಗೆ ಸಿಕ್ಕಿದವನು ನೀಲಕಂಠಪ್ಪ. ವಿಜಾಪುರ ಜಿಲ್ಲೆಯ ಇಂಡಿ ತಾಲೂಕಿನ ಶಾಲಾ ಮಾಸ್ತರರ ಮಗ. ಎತ್ತರದ ಆಳು, ನಕ್ಕರೆ ಹ್ಯಾಂಗರಿನ ತಗಡು ನಡುಗಬೇಕು. ವಿಮಾನ ಹತ್ತುವ ಮೊದಲು ಅದರ ಮೂತಿಯನ್ನು, ಎತ್ತಿನ ಬೆನ್ನು ತಟ್ಟುವ ಹಾಗೆ, ಅಂಗೈಯಿಂದ ತಟ್ಟುವುದು ಅವನ ರೂಢಿ. ಇಬ್ಬರೂ ಒಟ್ಟಿಗೆ ಲೈಸೆನ್ಸ್ ಪಡೆದರು, ಒಟ್ಟಿಗೆ ಅಸ್ಸಾಮಿನಲ್ಲಿ ಅಕ್ಕಿ ಮೂಟೆ ಹೊತ್ತು ಹಾರಿದರು. ದೊಡ್ಡ ಕಂಪನಿಗಳೆಲ್ಲ ಸರಕಾರದ್ದಾದ ಮೇಲೆ ಹೊರಗುಳಿದವರ ಪಾಲಿಗೆ ಸಾಮಾನು ಸಾಗಿಸುವ ಸಣ್ಣ ಕಂಪನಿಗಳೇ ಗತಿಯಾದವು. ಅಂಥದೊಂದು ಕಂಪನಿಯಲ್ಲಿ, ಕೊಂಕಣ್ ಏರ್ ಫ್ರೈಟ್ ಎಂಬ ಎರಡು ಹಳೇ ಡಕೋಟಾ ವಿಮಾನಗಳ ಸಂಸಾರದಲ್ಲಿ, ಇಬ್ಬರೂ ಕ್ಯಾಪ್ಟನ್ ಆದರು.

ಪ್ರಯಾಣಿಕರನ್ನು ಹೊತ್ತ ವಿಮಾನ ಹಾರಿಸುವುದಕ್ಕೂ ಸಾಮಾನಿನ ವಿಮಾನ ಹಾರಿಸುವುದಕ್ಕೂ ಅಜಗಜಾಂತರ. ಪ್ರಯಾಣಿಕ ಬೆಲ್ಟು ಕಟ್ಟಿಕೊಂಡು ತನ್ನ ಜಾಗದಲ್ಲಿ ಕೂರುತ್ತಾನೆ. ಸಾಮಾನು ಹಾಗಲ್ಲ. ಬಿಗಿಯಾಗಿ ಕಟ್ಟಿದ್ದರೆ ಅದು ಸಾಮಾನು, ಸಡಿಲವಾದರೆ ಮದವೇರಿದ ಆನೆ. ಮೇಲೇರುವಾಗ ಹಿಂದಕ್ಕೆ ಜಾರಿತೋ, ಬಾಲ ಭಾರವಾಗಿ ಮೂತಿ ಆಕಾಶಕ್ಕೆ ನಿಲ್ಲುತ್ತದೆ. ರೆಕ್ಕೆಗಳು ಗಾಳಿಯ ಹಿಡಿತ ಕಳೆದುಕೊಂಡು ವಿಮಾನ ಕಲ್ಲಿನ ಹಾಗೆ ಬೀಳುತ್ತದೆ. ಇದನ್ನು ಪೈಲಟ್‌ಗಳು ಬಾಯಿಬಿಟ್ಟು ಆಡುವುದಿಲ್ಲ. ಆದರೆ ಸಾಮಾನು ಕಟ್ಟುವವನ ಮೇಲೆ ತಮ್ಮ ಪ್ರಾಣ ಇಟ್ಟಿದ್ದೇವೆಂಬುದು ಅವರಿಗೆ ಗೊತ್ತಿರುತ್ತದೆ.

ಆ ಜುಲೈನಲ್ಲಿ ನಾಗಪುರದ ಒಂದು ಮುದ್ರಣಾಲಯಕ್ಕೆ ಯಂತ್ರದ ಭಾಗಗಳನ್ನು ಒಯ್ಯುವ ಕೆಲಸ ಬಂತು. ಮರದ ಪೆಟ್ಟಿಗೆಗಳಲ್ಲಿ ಎರಕದ ಕಬ್ಬಿಣ. ಮೊದಲ ಸಲದ ಪಾಳಿ ಸದಾನಂದನದ್ದು. ಅವನಿಗೆ ನೆಗಡಿಯಾಗಿ ಕಿವಿ ಕಟ್ಟಿತ್ತು. ಹೀಗೆ ಹಾರಿದರೆ ಕಿವಿಯ ತಮಟೆ ಹರಿಯುತ್ತದೆ ಎಂದು ಡಾಕ್ಟರು ತಡೆದರು. ನೀಲಕಂಠಪ್ಪ ಬಂದು, “ನೀ ಬೆಚ್ಚಗ ಮಕ್ಕೋ, ನಾ ಹೋಗಿ ಬರ್ತೀನಿ” ಎಂದು ಅವನ ಹಣೆ ಮುಟ್ಟಿ ನೋಡಿ ಹೋದ. ಕಸಾರಾ ಘಾಟಿಯ ಮೇಲೆ ಮೋಡದೊಳಗೆ ಏರುತ್ತಿದ್ದ ವಿಮಾನ ಇಗತ್‌ಪುರಿಯ ಈಚೆಗಿನ ಗುಡ್ಡಕ್ಕೆ ಬಿತ್ತು. ಅವನೂ ಹೋದ, ಪಕ್ಕದಲ್ಲಿದ್ದ ಕೋ-ಪೈಲಟೂ ಹೋದ. ವಿಮಾನ ಸುಟ್ಟು ಕರಕಲಾಗಿತ್ತು. ನೋಡಿ ಹೇಳಲು ಅಲ್ಲಿ ಏನೂ ಉಳಿದಿರಲಿಲ್ಲ.

ನೀಲಕಂಠಪ್ಪನನ್ನು ಲಿಂಗಾಯತರ ರುದ್ರಭೂಮಿಯಲ್ಲಿ ಸುರಿವ ಮಳೆಯಲ್ಲೇ ಮಣ್ಣು ಮಾಡಿದರು. ಸದಾನಂದನಿಗೆ ಅಳು ಬರಲಿಲ್ಲ. ಸುತ್ತಲಿನವರ ಮುಖಗಳನ್ನು ನೋಡುತ್ತ ನಿಂತಿದ್ದ. ಕಂಪನಿಯ ಮ್ಯಾನೇಜರು, ಬೆಳಗಾವಿಯ ಸಿದ್ದರಾಮಪ್ಪ, ಕೊಡೆಯ ಕೆಳಗೆ ಯಾರ ಕಿವಿಯಲ್ಲೋ ಪಿಸುಗುಟ್ಟುತ್ತಿದ್ದ. ಸಾಮಾನು ಕಟ್ಟುವ ಕೂಲಿಗಳ ಮುಖಂಡ ಅಂಗಾರ ಬಂದೇ ಇರಲಿಲ್ಲ. ಅಂಗಾರನೂ ಉಡುಪಿಯ ಕಡೆಯವನೇ. ನೀಲಕಂಠಪ್ಪನ ಪ್ರತಿಯೊಂದು ಹಾರಾಟಕ್ಕೂ ಸಾಮಾನು ಕಟ್ಟಿದವನು. ಅವನೇಕೆ ಬರಲಿಲ್ಲ? ಸಿದ್ದರಾಮಪ್ಪನಿಗೆ ಮಸಣದಲ್ಲಿ ಪಿಸುಗುಟ್ಟುವಂಥ ಗುಟ್ಟು ಏನಿತ್ತು? ಸಂಶಯದ ಮೊದಲ ಹುಳು ಅಲ್ಲೇ ಹೊಕ್ಕಿತು.

ಕೆಲವು ದಿನ ಬಿಟ್ಟು ಅವನು ಬಾಂದ್ರಾದಲ್ಲಿದ್ದ ನೀಲಕಂಠಪ್ಪನ ಮನೆಗೆ ಹೋದ. ಹೆಂಡತಿ ಬಸಲಿಂಗವ್ವ ಬಾಗಿಲನ್ನು ಅರ್ಧ ತೆರೆದು ಅಲ್ಲೇ ನಿಂತಳು, ಒಳಗೆ ಕರೆಯಲಿಲ್ಲ. ಆ ಮನೆಯಲ್ಲಿ ಅವನು ಎಷ್ಟು ಸಲ ಉಂಡಿದ್ದನೋ. ಅವನು ಬಂದನೆಂದರೆ ಅವಳು ರೊಟ್ಟಿ ಬಡಿಯಲು ಕೂರುತ್ತಿದ್ದಳು.

“ಅವತ್ತ ಪಾಳಿ ನಿಮ್ದ ಇತ್ತಲ್ರಿ?” ಎಂದಳು.

“ಹೌದು. ನನಗೆ ಕಿವಿ...”

“ಗೊತ್ತದ. ಕಿವಿ ನೋವು.” ಅವಳು ಅವನನ್ನೇ ನೋಡುತ್ತ ಕೇಳಿದಳು. “ಆ ವಿಮಾನದ್ದು ನಿಮಗ ಏನರ ಗೊತ್ತಿತ್ತೇನ್ರಿ? ಖರೇ ಹೇಳ್ರಿ. ಗೊತ್ತಿದ್ದ ಹಿಂದ ಸರದ್ರೇನು?”

ಸದಾನಂದ ಇಲ್ಲ ಅಂದ. ಆ ‘ಇಲ್ಲ’ ಅವನ ಕಿವಿಗೇ ಪೊಳ್ಳಾಗಿ ಕೇಳಿಸಿತು. ಅವಳು ಇನ್ನೇನೂ ಕೇಳದೆ ಬಾಗಿಲು ಹಾಕಿಕೊಂಡಳು. ಮೆಟ್ಟಿಲಿಳಿಯುವಾಗ ಅವನಿಗೆ ಸಿಟ್ಟು ಬಂತು. ಅವಳ ಮೇಲಲ್ಲ; ಅವಳಿಗೆ ಹಾಗೆ ಯೋಚಿಸುವ ಗತಿ ತಂದಿಟ್ಟವರ ಮೇಲೆ. ಅಂಥವನೊಬ್ಬ ಇದ್ದೇ ಇದ್ದಾನೆ, ಅವನನ್ನು ಹುಡುಕಲೇಬೇಕು ಎನಿಸಿತು.

ಅಷ್ಟರಲ್ಲಿ ಇನ್ನೊಂದು ಸುದ್ದಿ ಹಬ್ಬಿತ್ತು. ನೀಲಕಂಠಪ್ಪ ಕುಡಿದು ಹಾರಿದ್ದ, ಗುಡ್ಡದ ಮೇಲೆ ಬಾಟಲಿ ಸಿಕ್ಕಿದೆ ಎಂದು. ಮುಂಬಯಿಯಲ್ಲಿ ಪಾನನಿಷೇಧವಿದ್ದ ಕಾಲ ಅದು. ಕುಡಿದ ಅಂದರೆ ಬರೀ ತಪ್ಪಲ್ಲ, ಅಪರಾಧ. ಮಾವನ ಹೋಟೆಲಿನಲ್ಲಿ ಊಟಕ್ಕೆ ಕೂತ ಬ್ಯಾಂಕಿನ ಗುಮಾಸ್ತರ ಬಾಯಲ್ಲೂ ಅದೇ ಮಾತು. ಸದಾನಂದ ಎಲೆ ಬಿಟ್ಟೆದ್ದು, ಕೈ ತೊಳೆದು, ನೇರ ಎರಡು ಬೀದಿಯಾಚೆಯ ಕಂಪನಿ ಆಫೀಸಿಗೆ ಹೋದ.

“ಬಾಟಲಿ ಯಾರು ಕಂಡದ್ದು?” ಎಂದು ಕೇಳಿದ.

ಸಿದ್ದರಾಮಪ್ಪ ಕನ್ನಡಕ ತೆಗೆದು ಒರೆಸಿಕೊಂಡ. “ಪೊಲೀಸರು ಅಂದ್ರಪಾ ಏನೋ. ನಾ ಕಂಡಿಲ್ಲ.”

“ಯಾವ ಪೊಲೀಸ್? ಹೆಸರು ಹೇಳಿ.”

“ನೋಡೋ ಸದಾನಂದ, ಸತ್ತಾವ ಸತ್ತ. ಅವ್ನ ಮ್ಯಾಲೆ ನನಗೂ ಜೀವ ಇತ್ತು. ಆದ್ರ ಇರೋದು ಇನ್ನೊಂದ ವಿಮಾನ. ಅದೂ ನಿಂತ್ರ ನಿನ್ನೂ ಸೇರಿಸಿ ಇಷ್ಟು ಮಂದಿ ಬೀದಿಗೆ ಬರ್ತಾರ. ಸುಮ್ನ ಕೆದಕಬ್ಯಾಡ.”

“ಅಂಗಾರ ಎಲ್ಲಿ?”

“ಓಡಿಹೋದ. ಸಾಮಾನು ಕಟ್ಟಿದಾವ ಅವನ. ತಪ್ಪಿಲ್ಲಂದ್ರ ಯಾಕ ಓಡ್ತಾನ, ನೀನ ಹೇಳು.”

ಆ ಮಾತು ಸದಾನಂದನ ಮನಸ್ಸಿನಲ್ಲಿ ನಾಟಿತು. ಸಿದ್ದರಾಮಪ್ಪನನ್ನು ಅವನು ನಂಬಲಿಲ್ಲ. ಆದರೆ ಅವನು ತೋರಿಸಿದ ದಿಕ್ಕನ್ನು ನಂಬಿಬಿಟ್ಟ. ಹೌದಲ್ಲ, ಓಡಿದ್ದೇಕೆ? ಗಂಟು ಸಡಿಲ ಬಿಟ್ಟಿರಬೇಕು. ಕಂಪನಿಯವರೇ ಕೆಲಸ ಬೇಗ ಮುಗಿಸು ಎಂದು ಅವಸರಿಸಿರಬೇಕು. ಇಬ್ಬರೂ ಸೇರಿ ತಪ್ಪನ್ನು ಸತ್ತವನ ತಲೆಗೆ ಕಟ್ಟುತ್ತಿದ್ದಾರೆ.

ಹುಡುಕಿ ಹುಡುಕಿ ಅಂಗಾರ ಧಾರಾವಿಯಲ್ಲಿದ್ದಾನೆಂದು ಗೊತ್ತಾಯಿತು. ಭಾವನ ಜೊತೆ ಚರ್ಮ ಹದ ಮಾಡುವ ಶೆಡ್ಡಿನಲ್ಲಿ. ಮೂಗು ಸುಡುವ ವಾಸನೆ, ಕಾಲಡಿಯಲ್ಲಿ ಸುಣ್ಣದ ನೀರು. ಮೊಣಕಾಲವರೆಗೆ ಲುಂಗಿ ಏರಿಸಿ ತೊಗಲು ಹಿಂಡುತ್ತಿದ್ದ ಅಂಗಾರ ಇವನನ್ನು ಕಂಡವನೇ ಬಾಗಿಲ ಕಡೆ ನೋಡಿದ. ಹಿಂದೆ ಯಾರಾದರೂ ಬಂದಿದ್ದಾರೆಯೇ ಎಂದು.

ಸದಾನಂದ ಎಂದಿನಂತೆ ತುಳುವಿನಲ್ಲೇ ಮಾತಾಡಿಸಿದ. ಅಂಗಾರ ಕನ್ನಡದಲ್ಲಿ ಉತ್ತರ ಕೊಟ್ಟ, ಪರಕೀಯರ ಹತ್ತಿರ ಮಾತಾಡುವ ಹಾಗೆ.

“ಕಂಪನಿಯವರು ಕಳಿಸಿದ್ದಾ ಸಾಹೇಬ್ರೆ?”

“ಯಾರೂ ಕಳಿಸಲಿಲ್ಲ. ನೀನು ಓಡಿದ್ದು ಯಾಕೆ?”

“ಪೊಲೀಸರು ಬರ್ತಾರೆ, ಒಳಗೆ ಹಾಕ್ತಾರೆ ಅಂತ ಮ್ಯಾನೇಜರ್ ಹೇಳಿದ್ರು. ಮಕ್ಕಳು ಸಣ್ಣವು ನನ್ನದು.”

“ಗಂಟು ಸರಿ ಹಾಕಿದ್ದೆಯಾ ಅವತ್ತು?”

ಅಂಗಾರನ ಮುಖ ಕಪ್ಪಿಟ್ಟಿತು. “ದೋಣಿ ಕಟ್ಟುವ ಗಂಟು ಅದು, ನನ್ನ ಅಪ್ಪ ಕಲಿಸಿದ್ದು. ನಾನು ಹಾಕಿದ ಗಂಟು ಬಿಚ್ಚಲಿಕ್ಕಿಲ್ಲ.”

“ಬಿಚ್ಚದಿದ್ದರೆ ನೀಲಕಂಠ ಹೇಗೆ ಸತ್ತ?”

“ನನಗೆ ಗೊತ್ತಿಲ್ಲ. ನಿಮಗೆ ಗೊತ್ತುಂಟಾ?”

ಸದಾನಂದ ಅವನ ರಟ್ಟೆ ಹಿಡಿದು ಅಲುಗಾಡಿಸಿದ. ಏನೇನೋ ಕೂಗಾಡಿದ. ಕೊಂದವನೆಂಬ ಮಾತೂ ಬಾಯಿಂದ ಬಂತು. ಅಂಗಾರ ಕೈ ಬಿಡಿಸಿಕೊಳ್ಳಲಿಲ್ಲ. ಭಾವ ಬಂದು ಸದಾನಂದನನ್ನು ಹೊರಗೆ ಕಳಿಸಬೇಕಾಯಿತು.

ಮನೆಯಲ್ಲೂ ಅವನು ನೆಟ್ಟಗಿರಲಿಲ್ಲ. ಚಾಳಿನ ಪಕ್ಕದ ಖೋಲಿಯವರು ಮೆಲ್ಲಗೆ ಮಾತಾಡಿದರೆ ತನ್ನ ವಿಷಯವೇ ಅಂದುಕೊಳ್ಳುತ್ತಿದ್ದ. ಹೆಂಡತಿ ವಾರಿಜಾ ಬಾಂದ್ರಾಕ್ಕೆ ಹೋಗಿ ಬಂದಳೆಂದು ತಿಳಿದು, “ಬಸಲಿಂಗವ್ವ ನಿನ್ನ ಹತ್ತಿರ ಏನು ಹೇಳಿದಳು? ನೀನೇನು ಹೇಳಿ ಬಂದೆ?” ಎಂದು ವಿಚಾರಣೆಗೆ ಕೂತ. ವಾರಿಜಾ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟಳು. “ಅವಳ ಜೊತೆ ಕೂತು ಅತ್ತು ಬಂದೆ. ಅಷ್ಟೇ. ನೀವು ಒಂದು ಸಲ ಅತ್ತುಬಿಡಿ ಮಾರಾಯ್ರೆ. ಹೀಗೇ ಆದ್ರೆ ನಾಳೆ ನಾನು ಹಾಕಿದ ಅನ್ನದ ಮೇಲೂ ಸಂಶಯ ಬಂದೀತು ನಿಮಗೆ.”

ಕಿವಿ ವಾಸಿಯಾಗಿ ಮತ್ತೆ ಕೆಲಸಕ್ಕೆ ಹೋದಾಗ ಅವನಿಗೆ ಸಿಕ್ಕಿದ್ದು ಅದೇ ನಾಗಪುರ. ಮುದ್ರಣಾಲಯದ ಉಳಿದ ಪೆಟ್ಟಿಗೆಗಳು. ಒಲ್ಲೆ ಅನ್ನಬಹುದಿತ್ತು. ಅಂದರೆ ಬಸಲಿಂಗವ್ವನ ಪ್ರಶ್ನೆಗೆ ಅದೇ ಉತ್ತರವಾಗುತ್ತಿತ್ತು. ಹೊರಟ.

ಅಂದು ಬೆಳಿಗ್ಗೆ ಕೂಲಿಗಳು ಕಟ್ಟಿದ ಪ್ರತಿಯೊಂದು ಹಗ್ಗವನ್ನೂ ತಾನೇ ಎಳೆದು ನೋಡಿದ, ಪೆಟ್ಟಿಗೆಗಳಿಗೆ ಹೆಗಲು ಕೊಟ್ಟು ನೂಕಿದ. ಒಂದೆರಡು ಗಂಟುಗಳನ್ನು ಬಿಚ್ಚಿಸಿ ಮತ್ತೆ ಹಾಕಿಸಿದ. ಗಂಟುಗಳೆಲ್ಲ ಅಂಗಾರ ಕಲಿಸಿದ ಬಗೆಯವೇ. ಕೂಲಿಗಳು ಮುಖ ಮುಖ ನೋಡಿಕೊಂಡರು. ಶಕ್ಕಿ ಸಾಹೇಬ ಎಂಬ ಹೆಸರು ಹುಟ್ಟಿದ್ದು ಆಗಲೇ. ಅವನು ನೋಡಿದ್ದು ಹಗ್ಗವನ್ನು ಮತ್ತು ಹಗ್ಗ ಕಟ್ಟಿದ ಕೈಗಳನ್ನು. ಹಗ್ಗದ ಕೊನೆಗಳನ್ನು ಕಟ್ಟುವ, ವಿಮಾನದ ನೆಲಕ್ಕೆ ಜಡಿದ ಕಬ್ಬಿಣದ ಬಳೆಗಳ ಕಡೆ ಅವನ ಕಣ್ಣು ಹೋಗಲಿಲ್ಲ.

ಜೊತೆಗಿದ್ದ ಕೋ-ಪೈಲಟ್ ಧಾರವಾಡದ ಈರಣ್ಣ, ಕಂಪನಿಗೆ ಹೊಸಬ. ಕಲ್ಯಾಣ ದಾಟುವ ಹೊತ್ತಿಗೆ ಬಿಳಿ ಮೋಡ ಸುತ್ತಿಕೊಂಡಿತು. ಘಾಟಿಯ ಗಾಳಿ ಶುರುವಾಯಿತು. ಏರುತ್ತ ಏರುತ್ತ ಒಂದು ಏಟಿಗೆ ವಿಮಾನ ಹಳ್ಳಕ್ಕೆ ಬಿದ್ದಂತೆ ಕುಸಿದು ಎದ್ದಿತು. ಆಗ ಹಿಂದಿನಿಂದ ಗುಂಡು ಹಾರಿದಂಥ ಸದ್ದು. ಅದರ ಬೆನ್ನಿಗೇ ಮರ ತಗಡಿಗೆ ಉಜ್ಜುವ ಕಿರ್ರೆನ್ನುವ ದನಿ. ಮೂತಿ ತಾನಾಗಿ ಮೇಲೇಳತೊಡಗಿತು.

“ಒತ್ತು!” ಎಂದು ಸದಾನಂದ ಕಿರುಚಿದ. ಇಬ್ಬರೂ ಕಂಟ್ರೋಲಿನ ಮೇಲೆ ಎದೆ ಕೊಟ್ಟು ಮುಂದಕ್ಕೆ ಒತ್ತಿದರು. ಮೂತಿ ಇಳಿಯಲೊಲ್ಲದು. ವೇಗದ ಮುಳ್ಳು ಬೀಳುತ್ತಿತ್ತು, ರೆಕ್ಕೆ ನಡುಗುತ್ತಿತ್ತು. ಸದಾನಂದನಿಗೆ ಹೊರಗೆ ಏನೂ ಕಾಣಿಸಲಿಲ್ಲ, ಬರೀ ಬಿಳಿ. ನೀಲಕಂಠನೂ ಇದನ್ನೇ ಕಂಡಿರಬೇಕು ಎಂದು ಹೊಳೆಯಿತು. ಇದೇ ಬಿಳಿ, ಇದೇ ಮೇಲೇಳುವ ಮೂತಿ, ಮುಂದೆ ಒತ್ತುತ್ತ ಸೋಲುವ ಇದೇ ತೋಳು. ಕುಡಿದವನಲ್ಲ, ನಿದ್ದೆ ಹೋದವನಲ್ಲ. ಕೊನೆಯ ಉಸಿರಿನವರೆಗೂ ಒತ್ತುತ್ತಲೇ ಇದ್ದವನು.

“ಸರ್, ಇಳಿಯಾಕ್ಹತ್ತೇತಿ!” ಎಂದ ಈರಣ್ಣ, ಅಳು ಬೆರೆತ ದನಿಯಲ್ಲಿ. ಹೌದು, ಮೂತಿ ಕೂದಲೆಳೆಯಷ್ಟು ಇಳಿದಿತ್ತು. ಜಾರಿದ್ದ ಪೆಟ್ಟಿಗೆ ಎಲ್ಲೋ ಸಿಕ್ಕಿಹಾಕಿಕೊಂಡು ನಿಂತಿತ್ತು. ಅದು ಮತ್ತೆ ಜಾರದಂತೆ, ಕೈಯಲ್ಲಿ ಹಾಲಿನ ಪಾತ್ರೆ ಹಿಡಿದು ನಡೆಯುವವನ ಹಾಗೆ, ಸದಾನಂದ ವಿಮಾನವನ್ನು ಅಗಲವಾಗಿ ತಿರುಗಿಸಿ ಕಡಲ ಕಡೆ ಒಯ್ದ. ತೋಳು ಮರಗಟ್ಟಿತ್ತು, ಒತ್ತುವುದನ್ನು ಒಂದು ಗಳಿಗೆಯೂ ಬಿಡುವಂತಿರಲಿಲ್ಲ. ವರ್ಸೋವಾದ ಹತ್ತಿರ ಮೋಡ ಹರಿದು ನೀರು ಕಂಡಿತು. ಮಾಮೂಲಿಗಿಂತ ಹೆಚ್ಚು ವೇಗದಲ್ಲೇ ಸಾಂತಾಕ್ರೂಜಿನಲ್ಲಿ ಇಳಿದರು. ವಿಮಾನ ಓಡಿ ಓಡಿ ರನ್‌ವೇಯ ತುದಿಯ ಕೆಸರಿನಲ್ಲಿ ನಿಂತಿತು.

ಸದಾನಂದ ಹಿಂದಕ್ಕೆ ಹೋಗಿ ನೋಡಿದ. ಭಾರದ ಪೆಟ್ಟಿಗೆಯೊಂದು ಓರೆಯಾಗಿ ಗೋಡೆಗೆ ಸಿಕ್ಕಿಕೊಂಡಿತ್ತು. ಅದರ ಹಗ್ಗ ಹರಿದಿರಲಿಲ್ಲ. ಗಂಟು ಬಿಚ್ಚಿರಲಿಲ್ಲ, ಕಟ್ಟಿದಾಗ ಹೇಗಿತ್ತೋ ಹಾಗೇ ಕಲ್ಲಿನಂತೆ ಬಿಗಿಯಾಗಿತ್ತು. ಹಗ್ಗದ ತುದಿಯಲ್ಲಿ ಕಬ್ಬಿಣದ ಬಳೆ ಬುಡಸಮೇತ ಕಿತ್ತು ಬಂದು ನೇತಾಡುತ್ತಿತ್ತು.

ಅವನು ವಿಮಾನದ ಬಾಗಿಲಲ್ಲಿ ಅಡ್ಡ ಕೂತುಬಿಟ್ಟ. ಸರಕಾರದ ಇನ್‌ಸ್ಪೆಕ್ಟರು ಬಂದು ನೋಡುವವರೆಗೆ ಯಾರೂ ಒಳಗೆ ಕಾಲಿಡಕೂಡದು ಎಂದ. ಸುದ್ದಿ ತಿಳಿದ ಸಿದ್ದರಾಮಪ್ಪ ಫೋರ್ಟಿನಿಂದ ಟ್ಯಾಕ್ಸಿಯಲ್ಲಿ ಓಡಿಬಂದ. “ಕೆಳಗ ಬಾರೋ, ಕೂತು ಮಾತಾಡೋಣು. ಮನಿ ಮಾತು ಹೊರಗ ಯಾಕ?” ಎಂದು ಕೈ ಚಾಚಿದ. ಸದಾನಂದ ಏಳಲಿಲ್ಲ. ಸಿದ್ದರಾಮಪ್ಪ ಮಳೆಯಲ್ಲಿ ನೆನೆಯುತ್ತ ಸ್ವಲ್ಪ ಹೊತ್ತು ನಿಂತಿದ್ದು ಟ್ಯಾಕ್ಸಿಯೊಳಗೆ ಹೋಗಿ ಕೂತ.

ಇನ್‌ಸ್ಪೆಕ್ಟರು ಬಂದು ನೆಲದ ಪ್ಲೈವುಡ್ ಎತ್ತಿಸಿದರು. ಅಡಿಯ ಲೋಹ ಬಿಳೀ ಪುಡಿಯಾಗಿತ್ತು. ಬೆರಳಲ್ಲಿ ಒತ್ತಿದರೆ ನೆನೆದ ಬಿಸ್ಕೀಟಿನ ಹಾಗೆ ಉದುರಿತು. ಕಳೆದ ಚಳಿಗಾಲವೆಲ್ಲ ಕಂಪನಿಯ ಎರಡೂ ವಿಮಾನಗಳು ಸೌರಾಷ್ಟ್ರದ ಕಡಲ ತೀರದಿಂದ ದೆಹಲಿಗೆ ಐಸು ಹಾಕಿದ ಮೀನಿನ ಬುಟ್ಟಿಗಳನ್ನು ಸಾಗಿಸಿದ್ದವು. ಬುಟ್ಟಿಗಳಿಂದ ಸೋರಿದ ಉಪ್ಪುನೀರು ಹಲಗೆಯ ಸಂದಿಯಲ್ಲಿಳಿದು ತಿಂಗಳುಗಟ್ಟಲೆ ನೆಲವನ್ನು ತಿಂದಿತ್ತು. ಮೀನಿನ ಋತು ಮುಗಿದ ಮೇಲೆ ಮೇಲಿನಿಂದ ತೊಳೆದಿದ್ದರು. ಹಲಗೆ ಎತ್ತಿ ನೋಡಲು ವಿಮಾನವನ್ನು ವಾರಗಟ್ಟಲೆ ನಿಲ್ಲಿಸಬೇಕಿತ್ತು. ಅದಕ್ಕೆ ಯಾರಿಗೂ ಪುರಸೊತ್ತಿರಲಿಲ್ಲ. ಆ ಮೀನನ್ನು ಸದಾನಂದನೂ ಹೊತ್ತಿದ್ದ, ನೀಲಕಂಠಪ್ಪನೂ ಹೊತ್ತಿದ್ದ. ವಾಸನೆಯ ಬಗ್ಗೆ ತಮಾಷೆ ಮಾಡುತ್ತ ಹಾರಿದ್ದರು.

ವಿಚಾರಣೆ ನಡೆಯಿತು. ಸುಟ್ಟುಹೋದ ವಿಮಾನದಿಂದ ಖಚಿತವಾಗಿ ಏನೂ ಹೇಳಲಾಗದು, ಸಾಮಾನು ಜಾರಿ ವಿಮಾನ ಬಿದ್ದಿರುವ ಸಂಭವವೇ ಹೆಚ್ಚು ಎಂದು ತೀರ್ಮಾನವಾಯಿತು. ಬಾಟಲಿಯನ್ನು ಕಂಡೆ ಅನ್ನುವವರು ಒಬ್ಬರೂ ಬರಲಿಲ್ಲ. ನಿಮಗೆ ಹೇಳಿದವರಾರು ಎಂದು ಕೇಳಿದರೆ ಸಿದ್ದರಾಮಪ್ಪ, ಯಾರೋ ಅಂದಿದ್ದರು ಎಂದಷ್ಟೇ ಹೇಳಿದ. ಅವನೇ ಹುಟ್ಟಿಸಿದ ಮಾತೋ, ನಿಜಕ್ಕೂ ಕೇಳಿದ್ದೋ, ಸದಾನಂದನಿಗೆ ಕೊನೆಗೂ ಗೊತ್ತಾಗಲಿಲ್ಲ. ಕಂಪನಿ ಮರುವರ್ಷ ಮುಚ್ಚಿತು. ಸದಾನಂದ ಇನ್ನೊಂದು ಸಾಮಾನು ಕಂಪನಿಗೆ ಸೇರಿ, ಹಲಗೆ ಎತ್ತಿ ನೋಡದೆ ವಿಮಾನ ಹತ್ತದವನೆಂದು ಅಲ್ಲೂ ಹೆಸರು ಕೆಡಿಸಿಕೊಂಡ.

ಅದೆಲ್ಲ ಆಮೇಲಿನ ಮಾತು. ಇನ್‌ಸ್ಪೆಕ್ಟರು ನೋಡಿಹೋದ ಮರುದಿನವೇ ಅವನು ಧಾರಾವಿಗೆ ಹೋದ. ತಪ್ಪಾಯಿತು, ನಿನ್ನ ಗಂಟು ಬಿಚ್ಚಿರಲಿಲ್ಲ ಎಂದ. ಅಂಗಾರ ತೊಗಲು ಹಿಂಡುವುದನ್ನು ನಿಲ್ಲಿಸದೆ ಕೇಳಿಸಿಕೊಂಡ. “ಅದು ನನಗೆ ಮೊದಲೇ ಗೊತ್ತಿತ್ತು ಸಾಹೇಬ್ರೆ,” ಅಂದ. ಕನ್ನಡದಲ್ಲೇ ಅಂದ. ಕೆಲಸಕ್ಕೆ ವಾಪಸ್ಸು ಬಾ ಎಂದು ಎಷ್ಟು ಕರೆದರೂ ಬರಲಿಲ್ಲ. ಇಲ್ಲಿ ತೊಗಲು ಬಿದ್ದರೆ ಯಾರೂ ಸಾಯುವುದಿಲ್ಲ ಎಂದ. ಅದು ಕ್ಷಮೆಯೋ ಅಲ್ಲವೋ ತಿಳಿಯದೆ ಸದಾನಂದ ಹಿಂದಿರುಗಿದ.

ಅಲ್ಲಿಂದ ಬಾಂದ್ರಾಕ್ಕೆ ನಡೆದೇ ಹೋದ. ಬಸಲಿಂಗವ್ವ ಈ ಸಲ ಒಳಗೆ ಕರೆದು ಚಾಪೆ ಹಾಸಿದಳು. ಮೋಡದೊಳಗೆ ನಡೆದದ್ದನ್ನೆಲ್ಲ ಅವನು ಹೇಳಿದ: ಸದ್ದು, ಬಿಳಿ, ಒತ್ತಿದ್ದು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದಳು.

“ಅವ್ರಿಗೆ ಅಂಜಿಕಿ ಬಂದಿರಬೇಕೇನ್ರಿ?” ಎಂದಳು ಕೊನೆಗೆ.

“ಅಂಜಲಿಕ್ಕೆ ಪುರಸೊತ್ತು ಇರುವುದಿಲ್ಲ ಅಕ್ಕ. ಕೈಗೆ ಕೆಲಸ ಇರ್ತದೆ.”

“ನಿಮ್ಮನ್ನ ಹಂಗ ಕೇಳಬಾರದಿತ್ತು,” ಅಂದಳು. ಆಮೇಲೆ ಎದ್ದು ಒಲೆ ಹಚ್ಚಲು ಹೋದಳು. ಬೇಡವೆಂದರೂ ಬಿಡಲಿಲ್ಲ. ಅವನು ಉಂಡ, ಅವಳು ಎದುರಿಗೆ ಕೂತು, ಊರಿಗೆ ಹೋಗುವುದಿಲ್ಲ, ಮಗಳ ಶಾಲೆ ಇಲ್ಲೇ ಇದೆ, ಹೊಲಿಗೆ ಕಲಿಯುತ್ತೇನೆ ಎಂದೆಲ್ಲ ಹೇಳಿದಳು.

ಬಾಂದ್ರಾ ಸ್ಟೇಷನ್ನಿಗೆ ಬಂದಾಗ ಸಂಜೆಯ ಜನಜಂಗುಳಿ. ಲೋಕಲ್ ರೈಲು ಬಂತು, ಜನ ನುಗ್ಗಿದರು. ಸದಾನಂದ ಹತ್ತಲು ಹೋದವನು ಹಿಂದೆ ಸರಿದು ಬೆಂಚಿನ ಮೇಲೆ ಕೂತ. ಇಷ್ಟು ದಿನ ಯಾರು, ಯಾರು ಎಂದು ಹುಡುಕುತ್ತ ಓಡಾಡಿದವನಿಗೆ ಇನ್ನು ಹುಡುಕಲು ಯಾರೂ ಉಳಿದಿರಲಿಲ್ಲ. ನೀಲಕಂಠ ಸತ್ತುಹೋಗಿದ್ದಾನೆ ಎಂಬುದೊಂದೇ ಉಳಿದಿತ್ತು. ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು, ಹೆಗಲು ಕುಲುಕಿ ಕುಲುಕಿ ಅವನು ಅತ್ತ. ಪಕ್ಕದಲ್ಲಿ ಕೂತಿದ್ದ ಮೀನು ಮಾರುವ ಮರಾಠಿ ಹೆಂಗಸು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, “ಕಾಯ್ ಝಾಲಂ ಭಾವೂ?” ಏನಾಯಿತಣ್ಣ ಎಂದು ಕೇಳಿದಳು. “ದೋಸ್ತ್ ಹೋದ,” ಎಂದ ಅವನು. ಅವಳಿಗೆ ಕನ್ನಡ ಬಾರದಿದ್ದರೂ ಅರ್ಥವಾಯಿತು. ಅವನು ಅತ್ತು ಮುಗಿಸುವವರೆಗೆ, ತಾನು ಹತ್ತಬೇಕಾದ ರೈಲನ್ನೂ ಬಿಟ್ಟು, ಅವಳು ಅಲ್ಲೇ ಕೂತಿದ್ದಳು.